ಅಪ್ಪನ ಮೈಕ್ ಸೆಟ್ಟಿನಲ್ಲಿ ನನ್ನ ಹಾಡು

ನಮ್ಮಪ್ಪನಿಗೆ ಕಿವಿ ಮಂದವಾಗಿದೆ ಅಂತ ಮೊದಲು ಗೊತ್ತಾಗಿದ್ದು ನಮ್ಮ ಬೀದಿ ನಾಯಿಗಳಿಗೆ. ಎಷ್ಟು ಬೊಗಳಿದರೂ ಈ ಮನುಷ್ಯ ತಿರುಗಿ ಕೂಡ ನೋಡಲ್ಲ ಅಂತ ಅವು ಬೊಗಳೋದನ್ನೇ ಬಿಟ್ಟವು. ಆಮೇಲೆ ಗೊತ್ತಾಗಿದ್ದು, ಹಿಂದಿನಿಂದ ಹಾರನ್ ಹೊಡೆದು ಹೊಡೆದು ಸಾಕಾದ ಆಟೋದವರಿಗೆ. ಮನೆಯವರಾದ ಅಮ್ಮನಿಗೂ ನನಗೂ ಗೊತ್ತಾಗಿದ್ದು ಎಲ್ಲರಿಗಿಂತ ಕೊನೆಗೆ. ಅಪ್ಪ ಮೊದಲಿನಿಂದಲೂ ಗಟ್ಟಿಯಾಗಿ ಮಾತಾಡುವವನು. ಮೈಕ್ ಸೆಟ್ಟಿನವನು ಪಿಸುಗುಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ?

ಮಧುಗಿರಿಯಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಗಣೇಶನ ಪೆಂಡಾಲು, ಎಲೆಕ್ಷನ್ನು, ಕ್ರಿಕೆಟ್ ಟೂರ್ನಮೆಂಟು, ಯಾವುದಕ್ಕಾದರೂ ಅಪ್ಪನ ಬಾಕ್ಸುಗಳೇ ಹೋಗಬೇಕು. ಬಾಕ್ಸುಗಳನ್ನು ಬೆಟ್ಟದ ಕಡೆ ಮುಖ ಮಾಡಿ ಇಡಬಾರದು ಅನ್ನೋದು ನಾನು ಅವನ ಹತ್ತಿರ ಕಲಿತ ಮೊದಲನೇ ಪಾಠ. ಇಟ್ಟರೆ ಅಷ್ಟು ದೊಡ್ಡ ಬಂಡೆ, ಹೇಳಿದ್ದನ್ನೇ ವಾಪಸ್ ಹೇಳುತ್ತೆ. ಪುರೋಹಿತರು ಒಂದು ಸಲ 'ಮಾಂಗಲ್ಯಧಾರಣೆ' ಅಂದರೆ ಬೆಟ್ಟ ಇನ್ನೊಂದು ಸಲ ಅನ್ನುತ್ತೆ, ಗಂಡು ಯಾವುದನ್ನು ನಂಬಬೇಕೋ ತಿಳಿಯದೆ ತಾಳಿ ಹಿಡಕೊಂಡು ನಿಂತಿರುತ್ತಾನೆ. ಎಷ್ಟೇ ಓರೆಯಾಗಿಟ್ಟರೂ ಜೋರಾಗಿ ಕೂಗಿದರೆ ಬೆಟ್ಟ ಓಗೊಡದೆ ಇರಲ್ಲ, ಅದು ಬೇರೆ ಮಾತು.

ಅಪ್ಪನ ಇನ್ನೊಂದು ಕಟ್ಟುನಿಟ್ಟು ಟೈಮು. ಪೊಲೀಸ್ ಪರ್ಮಿಷನ್ನಿನಲ್ಲಿ ಎಷ್ಟು ಗಂಟೆ ಅಂತ ಬರೆದಿದೆಯೋ ಅಷ್ಟು ಗಂಟೆಗೆ ಮೈಕು ಬಂದ್. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದು ಸಲ ಒಬ್ಬ ದೊಡ್ಡ ಪುಢಾರಿ 'ನನ್ನ ಉಸಿರಿರೋವರೆಗೂ' ಅಂತ ಶುರು ಮಾಡಿದ್ದನಷ್ಟೇ, ಅಪ್ಪ ಸ್ವಿಚ್ ಒತ್ತಿಬಿಟ್ಟ. ಉಸಿರಿರೋವರೆಗೂ ಏನು ಮಾಡ್ತಾನೆ ಅಂತ ಇವತ್ತಿಗೂ ಊರಿಗೆ ಗೊತ್ತಿಲ್ಲ. ಟೈಮ್ ಮೀರಿಸಿದ ಬೇರೆಯವರ ಬಾಕ್ಸುಗಳು ಪೊಲೀಸ್ ಸ್ಟೇಷನ್ನಿನ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿರುತ್ತಿದ್ದವು. ನಮ್ಮ ಬಾಕ್ಸು ಒಂದು ದಿನವೂ ಆ ಮೆಟ್ಟಿಲು ಹತ್ತಲಿಲ್ಲ. ಅಪ್ಪನಿಗೆ ಅದೇ ದೊಡ್ಡ ಬಿರುದು.

ನನ್ನ ಕೈಗೆ ಗಿಟಾರು ಬಂದಿದ್ದೂ ಆ ಅಂಗಡಿಯಿಂದಲೇ. ಯಾವುದೋ ಆರ್ಕೆಸ್ಟ್ರಾದವನು ಪ್ರೋಗ್ರಾಂ ಮುಗಿಸಿ, ನಾಳೆ ಬಂದು ತಗೊಂಡು ಹೋಗ್ತೀನಿ ಅಂತ ಗಿಟಾರನ್ನು ನಮ್ಮ ಬಾಕ್ಸುಗಳ ಮಧ್ಯೆ ಇಟ್ಟು ಹೋದ. ಆ ನಾಳೆ ಬರಲೇ ಇಲ್ಲ. ನಾನು ಅದನ್ನು ಕುಯ್ಯಿಗುಟ್ಟಿಸುತ್ತಾ ಕಾಲೇಜು ಮುಗಿಸಿದೆ. ಸಿನಿಮಾ ಹಾಡು ನುಡಿಸೋಕೆ ಕೂತರೆ ಎರಡನೇ ಸಾಲಿಗೆ ನನ್ನದೇ ಏನೋ ಮಾತು ಬರುತ್ತಿತ್ತು. ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಬರದ ಬಸ್ಸಿಗೆ ಕಾಯೋದು, ಬೋರ್‌ವೆಲ್ ಲಾರಿಯ ಹಿಂದೆ ಧೂಳು ಕುಡಿಯೋದು, ಇಂಥದ್ದೇ. ನಮ್ಮ ಆಡುಮಾತಿನಲ್ಲೇ ಬರೆದೆ, ಕಿರುಚಿ ಹಾಡಿದೆ. 'ಇದ್ಯಾವ ಸೀಮೆ ಹಾಡೇ? ಹೆಣ್ಣುಡ್ಗಿ ಅಂಗೆ ಬಾಯ್ ಬಡ್ಕೊಂಡ್ರೆ ಜನ ಏನಂತಾರೆ?' ಅಂತ ಅಮ್ಮ. ಜನ ಏನೂ ಅನ್ನಲಿಲ್ಲ. ಕೇಳಿದ್ದರೆ ತಾನೇ ಅನ್ನೋಕೆ!

ಬ್ಯಾಂಡು ಅಂತ ಆಗಿದ್ದು ಇನ್ನಿಬ್ಬರು ಸಿಕ್ಕ ಮೇಲೆ. ಡ್ರಮ್ಸ್ ಬಾರಿಸುವವನು ಶಿರಾದವನು, ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನ ಮನೆತನ, ತೊಟ್ಟಿಲಲ್ಲೇ ತಮಟೆ ಕೇಳಿ ಬೆಳೆದವನು. ಬೇಸ್ ಗಿಟಾರಿನವನು ಪಾವಗಡದ ಕಡೆಯವನು, ವಾರವೆಲ್ಲ ಪ್ರೈಮರಿ ಸ್ಕೂಲಿನ ಮೇಷ್ಟ್ರು, ಭಾನುವಾರ ನಮ್ಮ ಜೊತೆ. ಸಿಟ್ಟು ಬಂದರೆ ತೆಲುಗು, ಖುಷಿಯಾದರೂ ತೆಲುಗು, ಮಧ್ಯದಲ್ಲಿ ಮಾತ್ರ ಕನ್ನಡ. ಇಬ್ಬರಿಗೂ ನಾನು ಅಕ್ಕ.

ನಮ್ಮ ಪ್ರೋಗ್ರಾಂಗಳ ಕಥೆ ಕೇಳಬೇಡಿ. ಬೆಂಗಳೂರಿನ ಪಬ್ಬುಗಳಲ್ಲಿ ಹಾಡಿದ್ದೀವಿ. ಅಲ್ಲಿ ನಮ್ಮ ತಲೆ ಮೇಲೇ ಟೀವಿ, ಟೀವಿಯಲ್ಲಿ ಕ್ರಿಕೆಟ್ಟು. ಹಾಡಿನ ಮಧ್ಯೆ ಚಪ್ಪಾಳೆ ಬಿದ್ದರೆ ಯಾರೋ ಸಿಕ್ಸರ್ ಹೊಡೆದಿದ್ದಾರೆ ಅಂತ ಅರ್ಥ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊರಟಗೆರೆಯ ಒಂದು ರಿಸೆಪ್ಷನ್ನಿನಲ್ಲಿ ಬೆವರು ಸುರಿಸಿ ಒಂದಾದ ಮೇಲೊಂದು ನಮ್ಮ ಹಾಡು ಹಾಡಿದ ಮೇಲೆ ಹೆಣ್ಣಿನ ಸೋದರಮಾವ ಸ್ಟೇಜ್ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದ, 'ಟೆಸ್ಟಿಂಗ್ ಆಯ್ತೇನಮ್ಮಾ? ಸಾಂಗ್ ಯಾವಾಗ ಸ್ಟಾರ್ಟ್ ಮಾಡ್ತೀರಾ?' ಪಾವಗಡದ ಹತ್ತಿರದ ರಾಯಚರ್ಲಿನಲ್ಲಿ ಹಾಡಿದಾಗ ಸುತ್ತಮುತ್ತ ಕಣ್ಣು ಹಾಯುವವರೆಗೂ ಸೋಲಾರ್ ಪ್ಯಾನೆಲ್ಲು. ಊರೂರಿಗೆಲ್ಲ ಕರೆಂಟ್ ಕಳಿಸೋ ಜಾಗ, ನಮ್ಮ ಎರಡನೇ ಹಾಡಿಗೇ ಕರೆಂಟ್ ಹೋಯಿತು. 'ದೀಪದ್ ಕೆಳ್ಗೇ ಕತ್ಲು ಕಣಕ್ಕಾ,' ಅಂತ ಮೇಷ್ಟ್ರು ಗಿಟಾರನ್ನು ಚೀಲಕ್ಕೆ ಹಾಕಿದ.

ಇಷ್ಟಾದರೂ ನಾನು ಬಿಡಲಿಲ್ಲ. ಬಿಡೋಣ ಅಂದರೆ ಬೇರೇನೂ ಬರುತ್ತಿರಲಿಲ್ಲ ಅನ್ನೋದು ಒಂದು. ವೈ.ಎನ್.ಹೊಸಕೋಟೆಯಲ್ಲಿ ನಡೆದದ್ದು ಇನ್ನೊಂದು.

ಅಲ್ಲಿ ಕಡಲೆಕಾಯಿ ಕಿತ್ತು ಮುಗಿದಿದ್ದ ಹೊತ್ತು. ಜನ ಹುರಿದ ಕಾಯಿ ಬಿಡಿಸಿಕೊಂಡು ತಿನ್ನುತ್ತಾ ಕೂತಿದ್ದರು, ಸಿಪ್ಪೆಯ ಚಟಪಟ ಸದ್ದು ಶಿರಾದವನ ತಾಳಕ್ಕಿಂತ ಜೋರು. ಆವತ್ತು ಹೊಸ ಹಾಡೊಂದನ್ನು ಧೈರ್ಯ ಮಾಡಿ ಹಾಡಿದೆ. ಅದು ಅಪ್ಪನ ಮೇಲೆ ಬರೆದದ್ದು. ಬೆಳಿಗ್ಗೆ ಬೆಳಿಗ್ಗೆ, ಇನ್ನೂ ಯಾರೂ ಬರುವ ಮೊದಲು, ಅಪ್ಪ ಮೈಕ್ ಟೆಸ್ಟ್ ಮಾಡುತ್ತಿದ್ದನಲ್ಲ, ಆ ಹಾಡು. 'ಖಾಲಿ ಮೈದಾನಕ್ಕೆ ಹಲೋ ಅಂತಾನೆ ನಮ್ಮಪ್ಪ, ಯಾರೂ ಓ ಅನ್ದಿದ್ರೂ ಇನ್ನೊಂದ್ಸಲ ಅಂತಾನೆ' ಅಂತ ಶುರುವಾಗುತ್ತೆ. ಅರ್ಧಕ್ಕೆ ಬರೋ ಹೊತ್ತಿಗೆ ಸಿಪ್ಪೆ ಸದ್ದು ನಿಂತಿತ್ತು. ಮುಗಿದ ಮೇಲೆ ಮುಂದೆ ಕೂತಿದ್ದ ಒಬ್ಬ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ಇನ್ನೊಂದ್ ಸಾರಿ ಪಾಡಮ್ಮಾ, ಮೀ ನಾಯ್ನ ವಿಂಟಾಡು,' ಅಂದಳು. ನಿಮ್ಮಪ್ಪ ಕೇಳಿಸಿಕೊಳ್ತಾನೆ ಅಂತ.

ನಮ್ಮಪ್ಪ ಕೇಳಿಸಿಕೊಂಡಿರಲಿಲ್ಲ.

ಆ ಹೊತ್ತಿಗೆ ಅವನ ಒಂದು ಕಿವಿ ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಕಿವಿ ಮಿಷನ್ ಹಾಕಿಸಿದ್ದೆವು. 'ಇದೂ ಹೆಚ್ಚು ದಿನ ಇರಲ್ಲಮ್ಮ, ಇಳೀತಾನೇ ಇದೆ,' ಅಂತ ತುಮಕೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಫೋನಿನಲ್ಲಿ ಹಾಡು ಹಾಕಿ ಕಿವಿಗೆ ಹಿಡಿದರೆ, 'ಚಿಸ್ ಚಿಸ್ ಅಂತದೆ ಕಣಮ್ಮ, ಒಗ್ಗರಣೆ ಹಾಕ್ದಂಗೆ,' ಅನ್ನುತ್ತಿದ್ದ. ಆದರೆ ಅವನದೇ ದೊಡ್ಡ ಬಾಕ್ಸುಗಳ ಪಕ್ಕ ಮಿಷನ್ ಹಾಕಿಕೊಂಡು ಕೂತರೆ ಮಾತು ಸಮೇತ ತಿಳಿಯುತ್ತಿತ್ತು. ಡ್ರಮ್ಸು, ಬೇಸು ಜೊತೆಗಿದ್ದರೆ ಇನ್ನೂ ಚೆನ್ನಾಗಿ, 'ಎದೆಗೇ ಬಡಿತದೆ' ಅನ್ನುತ್ತಿದ್ದ. ಪರ್ಮಿಷನ್ ಇಲ್ಲದೆ ಅಂಗಡಿಯಲ್ಲಿ ಆ ಬಾಕ್ಸುಗಳನ್ನು ಹಾಕುವವನಲ್ಲ ಅಪ್ಪ. ಅಂದರೆ ಒಂದೇ ದಾರಿ. ನಮ್ಮೂರಲ್ಲಿ, ಅವನ ಮೈಕ್ ಸೆಟ್ಟಿನಲ್ಲಿ, ಅವನು ಪಕ್ಕದಲ್ಲಿರುವಾಗ ನಾನು ಹಾಡಬೇಕು. ಆ ಕಿವಿ ಇರುವಾಗಲೇ.

ನಮ್ಮೂರಲ್ಲಿ ನಾನು ಅಷ್ಟು ದಿನ ಹಾಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗೊತ್ತಿದ್ದರಿಂದ ನಾನೂ ಕೇಳಿರಲಿಲ್ಲ, ಅವರೂ ಕರೆದಿರಲಿಲ್ಲ. ಯಾವಾಗ ನನ್ನ ಒಂದು ಹಾಡು ಫೋನಿಂದ ಫೋನಿಗೆ ಹಾರಾಡಿ ನಮ್ಮೂರಿಗೂ ಬಂತೋ, ಆಗ ಯುವಕರ ಸಂಘದ ಕಾರ್ಯದರ್ಶಿ ಮನೆಗೇ ಬಂದ. ನನ್ನ ಜೊತೆ ಪಿಯುಸಿ ಓದಿದವನು. 'ನಿನ್ ಪ್ರೋಗ್ರಾಂ ಇಡ್ತೀವಿ ಕಣೇ, ಊರೇ ಬರ್ಬೇಕು ಅಂಗೆ ಮಾಡ್ತೀವಿ,' ಅಂದ. ನಾನು ಒಂದೇ ಷರತ್ತು ಹಾಕಿದೆ. ಮೈಕ್ ಸೆಟ್ಟು ಅಪ್ಪನದೇ ಆಗಬೇಕು, ಅಪ್ಪನೇ ಕೂರಬೇಕು. ಅವನ ಕಣ್ಣು ಅರಳಿತು. 'ಅಪ್ಪ, ಮಗಳು ಇಬ್ರೂ ಒಂದೇ ಸ್ಟೇಜಲ್ಲಿ! ಸೂಪರ್ ಬುಡು!' ಅಂದ. ಅವನ ಕಣ್ಣು ಯಾಕೆ ಅರಳಿತು ಅಂತ ನನಗೆ ಆಗಲೇ ತಿಳಿಯಬೇಕಿತ್ತು.

ಪ್ರೋಗ್ರಾಂ ಇಟ್ಟ ದಿನದ ಮಾರನೇ ದಿನದಿಂದ ಹುಡುಗರಿಗೆ ಪರೀಕ್ಷೆ. ಮೈದಾನದ ಪಕ್ಕದಲ್ಲೇ ಹಾಸ್ಟೆಲು. ಅದಕ್ಕೇ ಪೊಲೀಸಿನವರು ಸಂಜೆ ಏಳರವರೆಗೆ ಮಾತ್ರ ಅಂತ ಪರ್ಮಿಷನ್ ಕೊಟ್ಟಿದ್ದರು. ಇರಲಿ, ಪ್ರೋಗ್ರಾಂ ಮಧ್ಯಾಹ್ನವೇ ಶುರು, ಬೇಕಾದಷ್ಟು ಹೊತ್ತಿದೆ ಅಂದುಕೊಂಡೆವು. ಅಪ್ಪ ಬೆಳಿಗ್ಗೆಯೇ ಬಂದು ಬಾಕ್ಸುಗಳನ್ನು ಬೆಟ್ಟಕ್ಕೆ ಬೆನ್ನು ಮಾಡಿ ಜೋಡಿಸಿದ. ಖಾಲಿ ಮೈದಾನಕ್ಕೆ 'ಹಲೋ, ಹಲೋ' ಅಂದ. ಬಾಕ್ಸಿಗೆ ಕೈಯಿಟ್ಟು ನೋಡಿ ತಲೆಯಾಡಿಸಿದ. ನಾವೂ ಒಂದು ರೌಂಡ್ ನುಡಿಸಿ ನೋಡಿದೆವು, ಹಾಡಲಿಲ್ಲ. ಆ ಹಾಡನ್ನು ಸಂಜೆಗೇ ಅಂತ ಇಟ್ಟುಕೊಂಡಿದ್ದೆ. ಅಪ್ಪ ಕೇಳಿದ, 'ನನ್ ಮ್ಯಾಲೇನೋ ಕಟ್ಟಿದ್ದೀಯಂತಲ್ಲಮ್ಮ, ನಿಮ್ಮಮ್ಮ ಅಂದ್ಲು?' 'ಸಂಜೆ ಕೇಳಿವಂತೆ,' ಅಂದೆ. ಅಪ್ಪ ಸಂಕೋಚದಿಂದ ನಕ್ಕು ಮಿಷನ್ನಿಗೆ ಹೊಸ ಸೆಲ್ ಹಾಕಿಕೊಂಡ.

ನಮ್ಮ ಕಡೆ ಪ್ರೋಗ್ರಾಂ ಅಂದರೆ ಮೊದಲು ಸಭೆ, ಆಮೇಲೆ ಮಿಕ್ಕಿದ್ದು. ಸಭೆ ಅಂದರೆ ಗಣ್ಯರು. ಗಣ್ಯರು ಅಂದರೆ ಕುರ್ಚಿ. ಗಣ್ಯರು ತಡವಾಗಿ ಬಂದರು, ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದರು. ಕುರ್ಚಿ ಹಾಕೋಕೆ ಸ್ಟೇಜಿನಲ್ಲಿ ಜಾಗ ಸಾಲದೆ ಸಂಘದ ಹುಡುಗರು ಶಿರಾದವನ ಡ್ರಮ್ಸನ್ನು ಕಳಚಿ ಸ್ಟೇಜಿನ ಹಿಂದಕ್ಕೆ ಸಾಗಿಸಿದರು. 'ಅರೆ, ಹುಷಾರು ಕಣ್ರೋ!' ಅಂತ ಅವನು ಹಿಂದೆ ಹಿಂದೆ ಓಡಿದ. 'ಸಭೆ ಮುಗಿದ್ ತಕ್ಷಣ ತಂದಿಡ್ತೀವಿ ಅಣ್ಣ, ಟೆನ್ಷನ್ ಮಾಡ್ಕೋಬ್ಯಾಡ,' ಅಂದರು. ನಾನು ಕಾರ್ಯದರ್ಶಿಯ ಕೈ ಹಿಡಿದು, 'ಲೇ, ಏಳಕ್ಕೆ ಮೈಕ್ ಬಂದ್ ಕಣೋ, ನಮ್ಮಪ್ಪನ್ನ ನೀನು ಕಂಡಿದ್ದೀಯಾ,' ಅಂದೆ. 'ಎಲ್ಲಾ ಎರಡೆರಡೇ ಮಾತು ಕಣೇ,' ಅಂದ.

ಎರಡೇ ಮಾತು ಅಂತ ಎದ್ದವರು ಯಾರಾದರೂ ಎರಡು ಮಾತಿಗೆ ಕೂತಿದ್ದುಂಟೇ? ಒಬ್ಬರು ನಮ್ಮೂರಿನ ಕೋಟೆಯಿಂದ ಶುರು ಮಾಡಿದರು. ಇನ್ನೊಬ್ಬರು ಹೆಣ್ಣುಮಕ್ಕಳು ಹೇಗಿರಬೇಕು ಅನ್ನುವುದರಿಂದ ಶುರು ಮಾಡಿ, ಹೇಗಿರಬಾರದು ಅಂತ ಮುಗಿಸುವಾಗ ನನ್ನ ಪ್ಯಾಂಟು ನೋಡಿದರು. ಆಮೇಲೆ ಸನ್ಮಾನ. ಯುವಕರ ಸಂಘದ ಶಾಲು, ವರ್ತಕರ ಸಂಘದ ಶಾಲು, ಆಟೋ ಚಾಲಕರ ಹಾರ, ನಮ್ಮ ಹಳೇ ಸ್ಕೂಲಿನವರ ಹಣ್ಣಿನ ಬುಟ್ಟಿ. ಒಂದೊಂದಕ್ಕೂ ಫೋಟೋ, ಫೋಟೋದಲ್ಲಿ ನಿಲ್ಲದವರು ಇನ್ನೊಂದು ಸಲ ಬರಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈಯೋಣ ಅಂದರೆ ಯಾರನ್ನು ಬೈಯಲಿ? ನನಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದ ಮಿಸ್ಸು, ನಡುಗುವ ಕೈಯಲ್ಲಿ ಹಾರ ಹಿಡಿದು, 'ಬಾಗು ಪುಟ್ಟಿ, ಎಟುಕಲ್ಲ' ಅಂತಿದ್ದಾರೆ. ಬಾಗಿದೆ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಕರ್ಮ. ಮದುವೆ ಗದ್ದಲದಲ್ಲಿ ತಾಳಿ ಕಟ್ಟೋದನ್ನೇ ಮರೆತರು ಅಂತಾರಲ್ಲ, ಹಾಗೆ ನಾನು ಹಾಡುಗಾರ್ತಿ ಅನ್ನೋದೊಂದನ್ನು ಬಿಟ್ಟು ಎಲ್ಲವನ್ನೂ ಹೊಗಳಿದರು.

'ಈಗ, ಇಂಥ ಮಗಳನ್ನು ಕೊಟ್ಟ ತಂದೆಯವರು ವೇದಿಕೆಗೆ ಬರಬೇಕು!' ಅಂದ ಕಾರ್ಯದರ್ಶಿ. ಅವನ ಕಣ್ಣು ಅವತ್ತು ಅರಳಿದ್ದು ಇದಕ್ಕೆ.

ಅಪ್ಪ ಸ್ಟೇಜಿನ ಕೆಳಗೆ, ಪಕ್ಕದಲ್ಲಿ ಆಂಪ್ಲಿಫೈಯರ್ ಇಟ್ಟಿದ್ದ ಟೇಬಲ್ ಹತ್ತಿರ ಕೂತಿದ್ದವನು ತಬ್ಬಿಬ್ಬಾಗಿ ಎದ್ದ. ಜನ ಚಪ್ಪಾಳೆ ತಟ್ಟಿದರು. ಜನ್ಮವೆಲ್ಲ ಸ್ಟೇಜು ಕಂಡವನು, ಜನರ ಕಡೆ ಮುಖ ಮಾಡಿ ನಿಂತಿದ್ದು ಅದೇ ಮೊದಲು. ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರು ಪೇಟ ತಂದರು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪೇಟ, ಒಂದೇ ಸೈಜು. ಅಪ್ಪನದು ಸಣ್ಣ ತಲೆ. ಪೇಟ ಸೀದಾ ಹುಬ್ಬಿನವರೆಗೂ ಇಳಿದು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಕೂತಿತು. ಮಿಷನ್ನು ಒಳಗೆ ಒತ್ತಿಕೊಂಡು ಕೂಯ್ ಅಂತ ಕೂಗೋಕೆ ಶುರುವಾಯಿತು. ಪಕ್ಕದಲ್ಲಿ ನಿಂತ ನನಗೇ ಕೇಳುತ್ತಿತ್ತು. ಮೈಕು ಕೂಯ್ ಅಂದರೆ ಅಪ್ಪನಿಗೆ ಮೊದಲಿನಿಂದಲೂ ಅವಮಾನ. ಈಗ ತನ್ನ ಕಿವಿಯೊಳಗೇ, ಅಷ್ಟು ಜನರ ಮುಂದೆ! ಗಾಬರಿಯಾಗಿ ಪೇಟದೊಳಕ್ಕೆ ಬೆರಳು ತೂರಿಸಿ ಮಿಷನ್ ಕಿತ್ತು ಜೇಬಿಗೆ ಹಾಕಿಕೊಂಡ. 'ಪೇಟ ತೆಗ್ದುಬುಡಪ್ಪ,' ಅಂತ ಸನ್ನೆ ಮಾಡಿದೆ. 'ಮರ್ಯಾದೆ ಮಾಡವ್ರೆ, ತೆಗೀಬಾರ್ದು ಕಣಮ್ಮ,' ಅಂತ ಅಷ್ಟು ಜನರಿಗೂ ಕೇಳುವ ಹಾಗೆ ಅಂದ. ಮತ್ತೆ ಚಪ್ಪಾಳೆ. ಅಪ್ಪ ಪೇಟ ತೊಟ್ಟುಕೊಂಡೇ ಹೋಗಿ ಟೇಬಲ್ ಮುಂದೆ ಕೂತ.

ವಂದನಾರ್ಪಣೆ ಮುಗಿದಾಗ ಏಳಾಗೋಕೆ ಬಂದಿತ್ತು. ಗಣ್ಯರು ಎದ್ದರು, ಆದರೆ ಹೋಗಲಿಲ್ಲ. ಸ್ಟೇಜಿನ ಮೇಲೇ ಗುಂಪು ಕಟ್ಟಿ ಫೋಟೋ ತೆಗೆಸಿಕೊಳ್ಳೋಕೆ ನಿಂತರು. ಶಿರಾದವನ ಡ್ರಮ್ಸು ಹಿಂದೆ ಬಿಡಿಬಿಡಿಯಾಗಿ ಬಿದ್ದಿತ್ತು, ಅದರ ಮೇಲೆ ಯಾರೋ ಟಿಫನ್ ತಟ್ಟೆಗಳನ್ನು ಜೋಡಿಸಿದ್ದರು. 'ಅಕ್ಕಾ, ಕಟ್ಟೋಕ್ ಟೈಮ್ ಬೇಕಕ್ಕಾ,' ಅಂದ, ಅವನ ದನಿ ಅಳೋ ಹಾಗಿತ್ತು. ಮೇಷ್ಟ್ರ ಬೇಸ್ ಗಿಟಾರಿನ ವೈರು ಯಾವುದೋ ದಪ್ಪ ಕುರ್ಚಿಯ ಕಾಲಿಗೆ ಸಿಕ್ಕಿ ಜಜ್ಜಿಹೋಗಿತ್ತು. 'ಏಮಕ್ಕಾ ಇದಿ, ದೇವುಡಾ,' ಅಂತ ಅವನು ಮೊಣಕಾಲೂರಿ ಅದನ್ನು ತಿರುಚುತ್ತಿದ್ದ. ಕಾಯೋಕೆ ಹೊತ್ತಿರಲಿಲ್ಲ. ನಾನೊಬ್ಬಳೇ ಗಿಟಾರಿನ ವೈರು ಚುಚ್ಚಿ ಮೈಕಿನ ಮುಂದೆ ನಿಂತೆ. ಒಂದೇ ಹಾಡು ಸಾಕು, ಇದೊಂದೇ ಸಾಕು ಅಂದುಕೊಂಡೆ.

'ಖಾಲಿ ಮೈದಾನಕ್ಕೆ ಹಲೋ ಅಂತಾನೆ ನಮ್ಮಪ್ಪ...'

ಬಾಕ್ಸುಗಳಿಂದ ನನ್ನ ದನಿ ಎಷ್ಟು ಚೊಕ್ಕವಾಗಿ ಬಂತು! ಅಪ್ಪನ ಕೈಕೆಲಸ. ಏಳೋಕೆ ಹೊರಟಿದ್ದ ಹೆಂಗಸರು ಮತ್ತೆ ಕೂತರು. ಮಿಸ್ಸು ಕೈ ಕಟ್ಟಿಕೊಂಡು ಕೇಳುತ್ತಿದ್ದರು. ನಾನು ಗಣ್ಯರ ಬೆನ್ನುಗಳ ಸಂದಿಯಿಂದ ಅಪ್ಪನನ್ನು ಹುಡುಕಿದೆ. ಪೇಟ ಕಂಡಿತು. ಪೇಟ ಬಾಗಿ ಕೈಗಡಿಯಾರ ನೋಡುತ್ತಿತ್ತು. ಅವನು ಕೂತ ಕಡೆಯಿಂದ ನಾನು ಕಾಣುತ್ತಿರಲಿಲ್ಲ, ಫೋಟೋಕ್ಕೆ ನಿಂತವರ ಬೆನ್ನು ಮಾತ್ರ ಕಾಣುತ್ತಿತ್ತು. ಎದೆಗೆ ಬಡಿಯೋಕೆ ಡ್ರಮ್ಸಿಲ್ಲ, ಬೇಸಿಲ್ಲ. ಮಿಷನ್ನು ಜೇಬಿನಲ್ಲಿ. ಸಭೆ ಮುಗಿಯಿತು, ಫೋಟೋ ತೆಗೀತಿದ್ದಾರೆ, ಏಳಾಯಿತು. ಅಪ್ಪನಿಗೆ ಅಷ್ಟೇ ಗೊತ್ತು.

ಅವನ ಕೈ ಸ್ವಿಚ್ಚಿನ ಕಡೆ ಹೋಗಿದ್ದನ್ನು ನೋಡಿದೆ. ಹಾಡು ಬಿಟ್ಟು, 'ಅಪ್ಪಾ!' ಅಂತ ಮೈಕಿನಲ್ಲೇ ಕೂಗಿದೆ.

ಬಾಕ್ಸುಗಳು ಕೂಗಿದವು. ಹಿಂದಿನಿಂದ ಬೆಟ್ಟ ಇನ್ನೊಂದು ಸಲ 'ಅಪ್ಪಾ' ಅಂತು. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫೋಟೋಕ್ಕೆ ನಿಂತವರು ತಿರುಗಿದರು, ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ತಿರುಗದೆ ಇದ್ದವನು ಅವನೊಬ್ಬನೇ. ಮೈಕು ಆಫ್ ಆಯಿತು.

ನಾನು ಹಾಡು ನಿಲ್ಲಿಸಲಿಲ್ಲ. ಯಾಕೋ ಗೊತ್ತಿಲ್ಲ, ಬರೀ ಬಾಯಲ್ಲೇ ಮುಂದುವರಿಸಿದೆ. ಕುರ್ಚಿಗಳು ದರದರ ಎಳೆಯುವ ಸದ್ದು, ಮಕ್ಕಳನ್ನು ಕರೆಯುವ ಸದ್ದು, ಅದರ ಮಧ್ಯೆ ನನ್ನ ದನಿ ಮುಂದಿನ ಸಾಲಿಗೂ ಮುಟ್ಟಿತೋ ಇಲ್ಲವೋ. ಅಪ್ಪ ನನಗೆ ಬೆನ್ನು ಹಾಕಿ, ಹಾರ ಎದೆಗೆ ಅಡ್ಡ ಬರದ ಹಾಗೆ ಹೆಗಲ ಮೇಲೆ ತಿರುಗಿಸಿಕೊಂಡು, ಮೊಣಕೈಗೂ ಅಂಗೈಗೂ ವೈರು ಸುತ್ತುತ್ತಿದ್ದ. ಆ ಬೆನ್ನಿಗೆ ಪೂರ್ತಿ ಹಾಡಿದೆ. ಶಿರಾದವನು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. 'ಸಾಕಕ್ಕಾ,' ಅಂದ.

ಅಪ್ಪನಿಗೆ ಹೇಳಿಬಿಡಲಾ ಅನ್ನಿಸಿತು. ಹೇಳಿದರೆ ಏನಾಗುತ್ತೆ? ಮಗಳ ಹಾಡನ್ನು ತಾನೇ ಬಂದ್ ಮಾಡಿದೆ ಅಂತ ಸಾಯೋವರೆಗೂ ಕೊರಗುತ್ತಾನೆ. ಅದೂ ಅವನ ಹೆಮ್ಮೆಯ ದಿನ.

ನಾನು ಕೆಳಗಿಳಿದು ಹೋದಾಗ ಅಪ್ಪ ಪೇಟದೊಳಗಿಂದ ನಗುತ್ತಾ ಕೇಳಿದ, 'ಯಾಕಮ್ಮ, ನನ್ ಮ್ಯಾಲಿನ್ ಹಾಡು ಹಾಡ್ಲೇ ಇಲ್ಲ?'

ಮೆಲ್ಲಗೆ ಹೇಳುವ ಹಾಗಿದ್ದರೆ ಹೇಗೋ ಹೇಳುತ್ತಿದ್ದೆ. ಪೇಟ ಸ್ವಲ್ಪ ಎತ್ತಿ, ಕಿವಿಗೆ ಬಾಯಿಟ್ಟು, ಎಲ್ಲರೂ ನೋಡುತ್ತಿರುವಾಗ ಕಿರುಚಬೇಕಾಯಿತು. 'ಟೈಮ್ ಆಗ್ಬುಡ್ತು ಅಪ್ಪಾ!'

'ಊಂ ಕಣಮ್ಮ, ಕರೆಕ್ಟ್ ಏಳಕ್ಕೆ ಬಂದ್ ಮಾಡ್ಬುಟ್ಟೆ. ಮಗ್ಳ್ ಪ್ರೋಗ್ರಾಂ ಅಂತ ಟೈಮ್ ಮೀರ್ಸ್ದ ಅಂತ ನಾಳೆ ಯಾರೂ ಅನ್ಬಾರ್ದು ನೋಡು,' ಅಂದ. ಆಮೇಲೆ ನನ್ನ ಮುಖ ನೋಡಿ, 'ಮಕ ಸಪ್ಗೆ ಮಾಡ್ಕೋಬ್ಯಾಡ. ಮುಂದಿನ್ ಸಲ ಮೊದ್ಲು ನಿನ್ ಹಾಡು, ಆಮೇಲೆ ಹಾರ ಗೀರ. ನಾನೇ ಹೇಳ್ತೀನಿ ಅವ್ರಿಗೆ.'

'ಹೂಂ,' ಅಂದೆ.

'ಏನಂದೆ?'

'ಹೂಂ ಅಂದೆ ಅಪ್ಪಾ!'

ದೊಡ್ಡ ಬಾಕ್ಸಿನ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ನಾನು ಹಿಡಿದೆ. ಇಬ್ಬರೂ ಎತ್ತಿ ಟೆಂಪೋದಲ್ಲಿ ಇಟ್ಟೆವು. ಮುಂದಿನ ಸಲ ಅಂತ ನಾವು ಅಂದುಕೊಂಡಿದ್ದು ಗಣೇಶನ ಹಬ್ಬ. ಹಬ್ಬ ಬರೋ ಮೊದಲೇ ಆ ಕಿವಿ ಹೋಯಿತು.